ಪಾನೀಯಗಳೂ ಹಲ್ಲಿನ ಕವಚವೂ

ಮಾನವ ಶರೀರದಲ್ಲಿ ಅತ್ಯಂತ ಕಠಿಣವಾದ ಪದಾರ್ಥವೆಂದರೆ ಹಲ್ಲಿನ ಹೊರಕವಚ. ಇದಕ್ಕೆ ಎನಾಮಲ್ ಎಂದು ಹೆಸರು. ತೂಕದಲ್ಲಿ ನೂರಕ್ಕೆ ಸುಮಾರು 96 ಪಾಲು ಇದು ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಖನಿಜ. ಮುರಿದ ಎಲುಬು ಮತ್ತೆ ಕೂಡೀತು. ಸವೆದ ಎನಾಮಲ್ ಮತ್ತೆ ಬೆಳೆಯದು. ಅದನ್ನು ನಿರ್ಮಿಸುವ ಜೀವಕೋಶಗಳು ಹಲ್ಲು ಮೂಡುವ ವೇಳೆಗೇ ಅಳಿದುಹೋಗುತ್ತವೆ. ಆದ್ದರಿಂದ ನಾವು ನಿತ್ಯ ಕುಡಿಯುವುದೇನೆಂಬುದು ವಿಚಾರಾರ್ಹ.

ಪಾನೀಯಗಳಿಂದ ಈ ಕವಚಕ್ಕೆ ಎರಡು ವಿಧದ ಹಾನಿಯುಂಟು. ಮೊದಲನೆಯದು ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಕಾಲದ್ದು. ಅದಕ್ಕೆ ಕಾರಣ ನೀರಿನಲ್ಲಿರುವ ಫ್ಲೋರೈಡ್. ಅಲ್ಪ ಪ್ರಮಾಣದಲ್ಲಿ ಅದು ಹಲ್ಲು ಹುಳುಕಾಗದಂತೆ ಕಾಯುತ್ತದೆ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ಎಂಟು ವರ್ಷದೊಳಗಿನ ಮಕ್ಕಳು ಕುಡಿಯುತ್ತ ಬಂದರೆ ಎನಾಮಲ್ ಸರಿಯಾಗಿ ಬಲಿಯದೆ ಸುಣ್ಣದಂಥ ಬಿಳಿ ಮಚ್ಚೆಗಳು, ಮುಂದೆ ಕಂದು ಪಟ್ಟೆಗಳು ಕಾಣಿಸಿಕೊಳ್ಳಬಹುದು. 1997ರವರೆಗೆ ಧಾರವಾಡ ಜಿಲ್ಲೆಯಲ್ಲಿದ್ದ ಮುಂಡರಗಿ ಸೀಮೆಯ ಅಂತರ್ಜಲದಲ್ಲಿ ಈ ದೋಷ ಕಂಡುಬಂದಿದೆ. ನವಲಗುಂದ, ಅಣ್ಣಿಗೇರಿಗಳ ಎರೆಸೀಮೆಯಲ್ಲಿ ಬಾವಿನೀರು ಸವುಳಾದುದರಿಂದ ಹಿರಿಯರು ಕೆರೆಗಳನ್ನು ಕಟ್ಟಿಕೊಂಡರು. ಮಳೆಯಿಂದ ತುಂಬುವ ಕೆರೆಯ ನೀರಿನಲ್ಲಿ ಫ್ಲೋರೈಡ್ ಸಾಮಾನ್ಯವಾಗಿ ಕಡಿಮೆ. ಆದರೆ ಸವುಳು ನಾಲಗೆಗೆ ತಿಳಿಯುವಂತೆ ಫ್ಲೋರೈಡ್ ತಿಳಿಯದು; ನೀರನ್ನು ಕುದಿಸಿದರೂ ಅದು ಹೋಗದು. ಪರೀಕ್ಷೆಯೊಂದೇ ದಾರಿ.

ಇಂಥ ಮಚ್ಚೆಯ ಹಲ್ಲಿನ ಬಾಲಕನನ್ನು ಹಲ್ಲುಜ್ಜದ ಸೋಮಾರಿಯೆಂದು ತರಗತಿಯಲ್ಲಿ ಹಳಿಯುವುದು ಅನ್ಯಾಯ. ಆ ಕಲೆ ಉಜ್ಜಿದರೆ ಹೋಗುವಂಥದಲ್ಲ. ನಾಚಿಕೆಯಿಂದ ಅವನು ಇದ್ದಿಲು, ಇಟ್ಟಿಗೆಪುಡಿಗಳಿಂದ ತಿಕ್ಕತೊಡಗಿದರೆ ಉಳಿದ ಕವಚವೂ ಸವೆಯುತ್ತದೆ.

ಎರಡನೆಯ ಹಾನಿ ಹಲ್ಲು ಮೂಡಿದ ಮೇಲಿನದು, ಅದು ಆಮ್ಲದಿಂದ. ಆಮ್ಲತೆಯ ಮಾನವಾದ ಪಿ.ಎಚ್. ಸುಮಾರು 5.5ಕ್ಕಿಂತ ಕೆಳಗಿಳಿದರೆ ಎನಾಮಲ್ ಕರಗತೊಡಗುತ್ತದೆ. ಕೋಲಾ ಪಾನೀಯ, ಲಿಂಬೆಯ ಶರಬತ್ತುಗಳ ಪಿ.ಎಚ್. 2.5ರ ಆಸುಪಾಸಿನದು. ಮಜ್ಜಿಗೆಯೂ ಹುಳಿಯೇ; ಆದರೆ ಅದರಲ್ಲಿರುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳು ಹಲ್ಲಿನ ಖನಿಜ ಕರಗದಂತೆ ತಡೆಯುತ್ತವೆ. ಹಾಲು ಬೆರೆತ ಚಹಾ ತಾನಾಗಿ ಹುಳಿಯಲ್ಲ. ಅದರ ಸಕ್ಕರೆಯನ್ನು ಬಾಯಿಯ ಸೂಕ್ಷ್ಮಜೀವಿಗಳು ಆಮ್ಲವಾಗಿ ಮಾರ್ಪಡಿಸುತ್ತವೆ. ಜೊಲ್ಲು ಆ ಆಮ್ಲವನ್ನು ಶಮನಗೊಳಿಸಲು ಅರ್ಧ ತಾಸಿನಷ್ಟು ಬೇಕು. ದಿನಕ್ಕೆ ಹತ್ತು ಸಲ ಅರ್ಧ ಬಟ್ಟಲು ಚಹಾ ಕುಡಿಯುವವನ ಹಲ್ಲಿಗೆ ಈ ಬಿಡುವು ದೊರೆಯುವುದು ಕಷ್ಟ.

ಹುಳಿ, ಸಿಹಿ ಪಾನೀಯಗಳನ್ನು ಊಟದೊಂದಿಗೇ ಸೇವಿಸಿ ನೀರಿನಿಂದ ಬಾಯಿ ಮುಕ್ಕಳಿಸುವುದು ಹಿತ. ಹುಳಿ ಕುಡಿದೊಡನೆ ಹಲ್ಲುಜ್ಜಬಾರದು. ಆಗ ಮೃದುವಾಗಿರುವ ಕವಚ ಬೇಗ ಸವೆಯುತ್ತದೆ. ಇವು ಪ್ರತಿಯೊಬ್ಬರ ಕೈಯಲ್ಲಿರುವ ಉಪಾಯಗಳು. ನೀರಿನ ಪರೀಕ್ಷೆ ಮಾತ್ರ ಮಗುವಿನ ಕೈಯಲ್ಲಿಲ್ಲ. ಅದು ಊರಿನ ಹಾಗೂ ಶಾಲೆಯ ಹೊಣೆ. ವಿದ್ಯಾಲಯಕ್ಕೆ ಕೊಠಡಿ ಕಟ್ಟಿಸುವಷ್ಟೇ ಪುಣ್ಯ, ಅಲ್ಲಿ ಓದುವ ಮಕ್ಕಳಿಗೆ ಪರೀಕ್ಷಿಸಿದ ನೀರನ್ನು ಒದಗಿಸುವುದರಲ್ಲಿಯೂ ಇದೆ.