ಕೇಕ್ ಮಾರಿದ ದುಡ್ಡು, ಕಾರಿಗೆ ಪೆಟ್ರೋಲು

ಅಮೆರಿಕದ ಅಲಬಾಮಾ ರಾಜ್ಯದ ಮಾಂಟ್ಗೊಮರಿ ಎಂದರೆ ಅನೇಕರಿಗೆ ರೋಸಾ ಪಾರ್ಕ್ಸ್ ನೆನಪಾಗುತ್ತಾರೆ. ಬಿಳಿಯನಿಗೆ ಸೀಟು ಬಿಟ್ಟುಕೊಡಲು ಒಪ್ಪದೆ 1955ರ ಡಿಸೆಂಬರ್ 1ರಂದು ಬಂಧನಕ್ಕೊಳಗಾದವರು. ನನಗೆ ಮಾತ್ರ ಆಮೇಲಿನ 381 ದಿನಗಳ ಮೇಲೇ ಕುತೂಹಲ. ಅಷ್ಟು ದಿನ ಸಾವಿರಾರು ಜನ ಬಸ್ಸು ಹತ್ತದೆ ಕೆಲಸಕ್ಕೆ ಹೋಗಿಬಂದದ್ದು ಹೇಗೆ? ಅದಕ್ಕೆ ದುಡ್ಡು ಕೊಟ್ಟವರು ಯಾರು?

ಮೊದಲು ಆ ಬಸ್ಸುಗಳ ಕಥೆ ಕೇಳಿ ಮಕ್ಕಳೇ. ಮುಂದಿನ ಸಾಲು ಬಿಳಿಯರಿಗೆ, ಹಿಂದಿನದು ಕಪ್ಪುಜನರಿಗೆ. ಮುಂದೆ ತುಂಬಿದರೆ ನಡುವೆ ಕೂತ ಕಪ್ಪುಜನ ಏಳಬೇಕು. ಎಷ್ಟೋ ಸಲ ಅವರು ಮುಂಬಾಗಿಲಲ್ಲಿ ದುಡ್ಡು ಕೊಟ್ಟು, ಕೆಳಗಿಳಿದು, ಹಿಂಬಾಗಿಲಲ್ಲಿ ಮತ್ತೆ ಹತ್ತಬೇಕಿತ್ತು. ಅಡುಗೆ ಕೆಲಸದ ಜಾರ್ಜಿಯಾ ಗಿಲ್ಮೋರ್ ಒಮ್ಮೆ ಹೀಗೆ ಇಳಿದು ಹಿಂದಕ್ಕೆ ಹೋಗುವಷ್ಟರಲ್ಲಿ ಬಸ್ಸು ಹೊರಟೇಹೋಯಿತು! ಇನ್ನು ಬಸ್ಸಿನ ಸಹವಾಸವೇ ಬೇಡ ಎಂದು ಆಕೆ ಆಗಲೇ ನಿರ್ಧರಿಸಿದ್ದರು. ಇದು ಪಾರ್ಕ್ಸ್ ಬಂಧನಕ್ಕೂ ಮೊದಲಿನ ಮಾತು.

ಬಂಧನದ ರಾತ್ರಿ ಕಾಲೇಜು ಅಧ್ಯಾಪಕಿ ಜೋ ಆನ್ ರಾಬಿನ್ಸನ್ ನಿದ್ದೆ ಮಾಡಲಿಲ್ಲ. ಇಬ್ಬರು ವಿದ್ಯಾರ್ಥಿಗಳನ್ನು ಸೇರಿಸಿಕೊಂಡು ಬೆಳಗಾಗುವುದರೊಳಗೆ ಸಾವಿರಾರು ಕರಪತ್ರಗಳನ್ನು ಸೈಕ್ಲೋಸ್ಟೈಲ್ ಮಾಡಿದರು. (ಸೈಕ್ಲೋಸ್ಟೈಲ್ ಎಂದರೇನೆಂದು ಅಜ್ಜನನ್ನು ಕೇಳಿ, ಕೈಗೆ ಮೆತ್ತುತ್ತಿದ್ದ ಶಾಯಿ ಅವರಿಗೆ ನೆನಪಿರುತ್ತದೆ.) ಸೋಮವಾರ ಬಸ್ಸುಗಳು ಖಾಲಿ ಓಡಿದವು. ಚಳವಳಿಗೆ 26ರ ಹರೆಯದ ಪಾದ್ರಿ ಮಾರ್ಟಿನ್ ಲೂಥರ್ ಕಿಂಗ್ ನಾಯಕರಾದರು.

ಜನ ನಡೆದರು. ದೂರದವರಿಗೆ ಕಪ್ಪುಜನರ ಟ್ಯಾಕ್ಸಿಗಳು ಬಸ್ಸಿನ ದರಕ್ಕೇ, ಅಂದರೆ 10 ಸೆಂಟಿಗೆ, ಓಡಿದವು. ಕನಿಷ್ಠ 45 ಸೆಂಟ್ ವಸೂಲಿ ಮಾಡಲೇಬೇಕೆಂದು ಅಧಿಕಾರಿಗಳು ಪಟ್ಟುಹಿಡಿದಾಗ, ಕಾರಿದ್ದವರು ಕಾರು ತಂದರು. ಎಲ್ಲಿ ಹತ್ತಬೇಕು, ಎಲ್ಲಿ ಇಳಿಯಬೇಕು ಎಂಬ ನಿಲ್ದಾಣಗಳೂ ಗೊತ್ತಾದವು. ಆದರೆ ಪೆಟ್ರೋಲಿಗೆ, ಟೈರಿಗೆ, ರಿಪೇರಿಗೆ ದುಡ್ಡು?

ಜಾರ್ಜಿಯಾ ಒಲೆ ಹಚ್ಚಿದರು. ಮೊದಲು ಚರ್ಚಿನ ಸಭೆಯಲ್ಲಿ ಕೋಳಿ ಹುರಿದ ಸ್ಯಾಂಡ್‌ವಿಚ್ ಮಾರಿದರು. ಆಮೇಲೆ ಅಕ್ಕಪಕ್ಕದ ಹೆಂಗಸರೂ ಸೇರಿ ಕೇಕು, ಸಿಹಿ ಗೆಣಸಿನ ಪೈ ಮಾಡಿ ಮನೆಮನೆಗೆ, ಬ್ಯೂಟಿ ಪಾರ್ಲರುಗಳಿಗೆ ಹೊತ್ತರು. ಕೊಂಡವರಲ್ಲಿ ಬಿಳಿಯರೂ ಇದ್ದರು! ಈ ಹೆಂಗಸರಲ್ಲಿ ಹೆಚ್ಚಿನವರು ಬಿಳಿಯರ ಮನೆಗಳಲ್ಲಿ ದುಡಿಯುವವರು. ಹೆಸರು ಗೊತ್ತಾದರೆ ಕೆಲಸ ಹೋಗುತ್ತಿತ್ತು. ಆದ್ದರಿಂದ ಗುಂಪಿಗೆ 'ಕ್ಲಬ್ ಫ್ರಮ್ ನೋವೇರ್' ಎಂದು ಹೆಸರಿಟ್ಟರು. ದುಡ್ಡು ಎಲ್ಲಿಂದ ಬಂತು ಎಂದರೆ, ಎಲ್ಲಿಂದಲೂ ಇಲ್ಲ! ಸುಳ್ಳೂ ಅಲ್ಲ, ಗುಟ್ಟೂ ರಟ್ಟಾಗದು. ಸಭೆಯಲ್ಲಿ ಜಾರ್ಜಿಯಾ ಆ ಹಣ ಒಪ್ಪಿಸಿದಾಗ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದರು.

1956ರ ಜನವರಿ 30ರ ರಾತ್ರಿ ಕಿಂಗ್ ಮನೆಗೆ ಬಾಂಬು ಬಿತ್ತು. ಒಳಗಿದ್ದ ಹೆಂಡತಿ, ಎಳೆ ಕೂಸು ಹೇಗೋ ಬದುಕಿಕೊಂಡರು. ಸಿಟ್ಟಿಗೆದ್ದ ಜನ ಆಯುಧ ಹಿಡಿದು ಅಂಗಳದಲ್ಲಿ ಸೇರಿದರು. ಕಿಂಗ್ ಅವರನ್ನು ಸಮಾಧಾನಪಡಿಸಿ ಮನೆಗೆ ಕಳಿಸಿದರು. ಗಾಂಧೀಜಿಯ ದಾರಿಯಿಂದ ಕಲಿತವರು ಅವರು. 1959ರಲ್ಲಿ ಭಾರತಕ್ಕೂ ಬಂದರು. ಹೆಂಡತಿ ಮಗುವಿನ ಮೇಲೆ ಬಾಂಬು ಬಿದ್ದ ರಾತ್ರಿ ಹಾಗೆ ನಿಲ್ಲುವುದು ಭಾಷಣ ಮಾಡಿದಷ್ಟು ಸುಲಭವೇ?

ಮಾರ್ಚಿನಲ್ಲಿ ಕಿಂಗ್ ವಿರುದ್ಧದ ವಿಚಾರಣೆಯಲ್ಲಿ ಜಾರ್ಜಿಯಾ ಸಾಕ್ಷಿ ನುಡಿದರು. ಗುಟ್ಟು ಕಾದುಕೊಂಡಿದ್ದವರು ಈಗ ಎಲ್ಲರ ಮುಂದೆ ನಿಂತಿದ್ದರು. ಕೆಲಸ ಹೋಯಿತು. ಮನೆಯಲ್ಲೇ ಅಡುಗೆ ಮಾಡಿ ಮಾರಿ ಎಂದು ಕಿಂಗ್ ಧೈರ್ಯ ತುಂಬಿದರು. ಆ ಊಟದ ಮೇಜಿನ ಸುತ್ತ ಚಳವಳಿಯ ಮಾತುಕತೆಗಳೂ ನಡೆದವು.

ಇತ್ತ ನಾಲ್ವರು ಹೆಂಗಸರು ಹೂಡಿದ ಮೊಕದ್ದಮೆ ಸುಪ್ರೀಂ ಕೋರ್ಟ್ ಮುಟ್ಟಿತು. ಅವರಲ್ಲಿ ಕ್ಲಾಡೆಟ್ ಕಾಲ್ವಿನ್ ಎಂಬಾಕೆ ಪಾರ್ಕ್ಸ್‌ಗಿಂತ ಒಂಬತ್ತು ತಿಂಗಳು ಮೊದಲೇ ಸೀಟು ಬಿಡದೆ ಬಂಧನಕ್ಕೊಳಗಾಗಿದ್ದಳು. ಆಗ ಅವಳಿಗೆ ಹದಿನೈದು ವರ್ಷ! ತೀರ್ಪು ಇವರ ಪರ ಬಂತು. 1956ರ ಡಿಸೆಂಬರ್ 21ರಂದು ಕಪ್ಪುಜನ ಬಸ್ಸು ಹತ್ತಿ ಬೇಕಾದ ಸೀಟಿನಲ್ಲಿ ಕೂತರು.

ಜಾರ್ಜಿಯಾ ಒಲೆ ಮಾತ್ರ ಆರಲಿಲ್ಲ. ಸೆಲ್ಮಾದಿಂದ ಮಾಂಟ್ಗೊಮರಿಗೆ ನಡೆದ ಮೆರವಣಿಗೆಗೆ 25 ವರ್ಷ ತುಂಬಿದಾಗ, 1990ರ ಮಾರ್ಚಿನಲ್ಲಿ, ಬಂದವರಿಗೆ ಊಟ ತಯಾರಿಸುತ್ತಿದ್ದಾಗಲೇ ಅವರಿಗೆ ಹುಷಾರು ತಪ್ಪಿತು; ಮತ್ತೆ ಚೇತರಿಸಿಕೊಳ್ಳಲಿಲ್ಲ. ಅವರು ಮಾಡಿಟ್ಟಿದ್ದ ಅಡುಗೆಯನ್ನೇ ಸಾವಿಗೆ ಬಂದವರಿಗೆ ಬಡಿಸಿದರು.