ತಿಳಿನೀರಿನಲ್ಲಿ ಬಂದ ಕಾಮಾಲೆ

ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಎಂಬ ಗಾದೆಯನ್ನು ನೀವು ಬಲ್ಲಿರಿ. ಆ ಕಾಮಾಲೆ ಒಂದು ಮಹಾನಗರವನ್ನೇ ಹಿಡಿದ ಬಗೆಯನ್ನು ಕೇಳಿ.

1955ರ ನವೆಂಬರಿನಲ್ಲಿ ದೆಹಲಿಯ ನಜಫ್‌ಗಢ ನಾಲೆಯ ಕೊಳಚೆಯು ಹಿಮ್ಮೊಗವಾಗಿ ಹರಿದು, ವಜೀರಾಬಾದಿನಲ್ಲಿ ಊರಿಗೆ ಯಮುನೆಯ ನೀರೆತ್ತುವ ಸ್ಥಳವನ್ನು ಸೇರಿತು. ಈ ರೋಗವು ದೇಹವನ್ನು ಹೊಕ್ಕ ಕೆಲವು ವಾರಗಳ ತರುವಾಯವೇ ತಲೆದೋರುವುದು. ಅಂತೆಯೇ ಡಿಸೆಂಬರ್ ಜನವರಿಗಳಲ್ಲಿ ಸುಮಾರು 29,000 ಮಂದಿಯ ಕಣ್ಣು ಹಳದಿಯಾಯಿತು. ಗರ್ಭಿಣಿಯರಲ್ಲಿ ಸಾವು ಹೆಚ್ಚು.

ಡಾ. ಆರ್. ವಿಶ್ವನಾಥನ್ ಅವರು ಇದನ್ನು ಅಭ್ಯಸಿಸಿ 1957ರಲ್ಲಿ ಪ್ರಕಟಿಸಿದರು. ಸೋಜಿಗವೆಂದರೆ, ಅದೇ ನೀರು ಕುಡಿದವರಲ್ಲಿ ವಿಷಮಶೀತ ಜ್ವರವು ಹೆಚ್ಚಲಿಲ್ಲ! ನೀರಿಗೆ ಬೆರೆಸಿದ ಕ್ಲೋರಿನ್ ಬ್ಯಾಕ್ಟೀರಿಯಗಳನ್ನು ಕೊಂದಿತ್ತು; ಅವುಗಳಿಗಿಂತ ಸೂಕ್ಷ್ಮವಾದ ವೈರಸ್ಸು ಉಳಿದುಕೊಂಡಿತ್ತು. ಅಂದು ಕಾದಿರಿಸಿದ್ದ ರಕ್ತದ್ರವವನ್ನು 1980ರಲ್ಲಿ ಪರೀಕ್ಷಿಸಿದಾಗ, ಅದು ಅದುವರೆಗೆ ಗೊತ್ತಿದ್ದ ಎ ಬಗೆಯೂ ಅಲ್ಲ, ರಕ್ತದಿಂದಲೂ ಲೈಂಗಿಕ ಸಂಪರ್ಕದಿಂದಲೂ ಹರಡುವ ಬಿ ಬಗೆಯೂ ಅಲ್ಲವೆಂದು ತಿಳಿಯಿತು. ಈಗ ಅದಕ್ಕೆ ಹೆಪಟೈಟಿಸ್ ಇ ಎಂದು ಹೆಸರು.

ನೀರು ತಿಳಿಯಾಗಿದ್ದ ಮಾತ್ರಕ್ಕೆ ಶುದ್ಧವೆಂದು ನಂಬಬೇಡಿ. ಊರಿನಲ್ಲಿ ಕಾಮಾಲೆ ಕಾಣಿಸಿದರೆ ನೀರನ್ನು ಕುದಿಸಿ, ಆರಿಸಿ ಕುಡಿಯಿರಿ. ಮನೆಯಲ್ಲಿ ಗರ್ಭಿಣಿಯಿದ್ದು ಅವಳ ಕಣ್ಣು ಹಳದಿಯಾದರೆ, ಮನೆಮದ್ದಿನಲ್ಲಿ ದಿನ ಕಳೆಯದೆ ಆ ಹೊತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ.