ಮಲಗಿಸುವ ಅಧಿಕಾರ ಯಾರದು?

ಮೈಸೂರು ಅರಮನೆಯ ಸುಮಾರು ಒಂದು ಲಕ್ಷ ಬಲ್ಬುಗಳು ಭಾನುವಾರ ಸಂಜೆ ಸ್ವಲ್ಪ ಹೊತ್ತು ಉರಿದು ಆರುತ್ತವೆ. ಜನ ಯಾವಾಗ ಬರುತ್ತಾರೆಂದು ಬಲ್ಬಿಗೇನು ಗೊತ್ತು? ಸ್ವಿಚ್ಚು ಇರುವುದು ಅದು ತಿಳಿದವರ ಕೈಯಲ್ಲಿ. ವಿದ್ಯುತ್ ಉಳಿಸಲು ಕಂಪ್ಯೂಟರನ್ನು ಮಲಗಿಸುವ ಸ್ವಿಚ್ಚು ಸರಿಯಾದ ಕೈಗೆ ಬರಲು ಮಾತ್ರ ವರ್ಷಗಳು ಹಿಡಿದವು. 1992ರಲ್ಲಿ ಇಂಟೆಲ್ ಮತ್ತು ಮೈಕ್ರೋಸಾಫ್ಟ್ ತಂದ ಎಪಿಎಂ ಎಂಬ ವಿದ್ಯುತ್ ನಿರ್ವಹಣಾ ವ್ಯವಸ್ಥೆ ಅದನ್ನು ಬಹುಮಟ್ಟಿಗೆ ಬಯೋಸ್‌ಗೆ, ಅಂದರೆ ಯಂತ್ರದೊಳಗೇ ಕೂತಿರುವ ಮೂಲ ತಂತ್ರಾಂಶಕ್ಕೆ, ಒಪ್ಪಿಸಿತ್ತು. ಯಂತ್ರ ಸುಮ್ಮನಿದೆಯೆಂದು ಬಯೋಸ್‌ಗೆ ಕಂಡರೆ ಸಾಕು, ಒಳಗೆ ಯಾವ ಪ್ರೋಗ್ರಾಮು ಏನು ಕಾಯುತ್ತಿದೆ ಎಂಬುದು ಅದಕ್ಕೆ ಬೇಕಿರಲಿಲ್ಲ. 1996ರಲ್ಲಿ ತೊಷಿಬಾವೂ ಸೇರಿ ರೂಪಿಸಿದ ಎಸಿಪಿಐ ಎಂಬ ಮಾನದಂಡ ಆ ನಿರ್ಧಾರವನ್ನು ಕಾರ್ಯಾಚರಣ ವ್ಯವಸ್ಥೆಗೆ ದಾಟಿಸಿತು. ಪೂರ್ತಿ ಎಚ್ಚರದ ಡಿ0ಯಿಂದ ಆರಿಹೋದ ಡಿ3ರವರೆಗೆ ಸಾಧನಗಳಿಗೆ ಹಂತಗಳೂ ಬಂದವು.

ಕರ್ನಾಟಕದಲ್ಲಿ ವಿದ್ಯುತ್ ಉಳಿಸುವ ತುರ್ತು ಕಾಣಿಸಿದ್ದು ಸಿಂಪ್ಯೂಟರಿನಲ್ಲಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಎನ್‌ಕೋರ್ ಕಂಪನಿಯವರೂ ಸೇರಿ 2001ರಲ್ಲಿ ಮುಂದಿಟ್ಟ ಈ ಅಂಗೈ ಕಂಪ್ಯೂಟರು ಲಿನಕ್ಸಿನಲ್ಲಿ ಓಡುತ್ತಿತ್ತು. ಸಣ್ಣ ಎಎಎ ಸೆಲ್ಲುಗಳಲ್ಲೂ ನಡೆಯಬೇಕಿತ್ತು. ಅದರೊಳಗಿದ್ದದ್ದು ಸ್ಟ್ರಾಂಗ್‌ಆರ್ಮ್ ಚಿಪ್ಪು. ಅದೇ ವಂಶದ ಚಿಪ್ಪಿನ ವೇಗವನ್ನು ಬೇಕೆಂದಾಗ ತಗ್ಗಿಸುವ ಲಿನಕ್ಸ್ ಕೋಡನ್ನು ನೆದರ್ಲೆಂಡ್ಸಿನ ಡೆಲ್ಫ್ಟ್ ತಾಂತ್ರಿಕ ವಿಶ್ವವಿದ್ಯಾಲಯದವರು ಆ ಸುಮಾರಿಗೇ ಬರೆದರು. 2003ರ ಡಿಸೆಂಬರಿನ ಲಿನಕ್ಸ್ 2.6ರ ಹೊತ್ತಿಗೆ ಹೀಗೆ ವೇಗ ಹೊಂದಿಸುವ ಸಿಪಿಯುಫ್ರೀಕ್ ಎಂಬ ಚೌಕಟ್ಟು ಲಿನಕ್ಸಿನ ತಿರುಳಾದ ಕರ್ನಲ್ಲಿನಲ್ಲಿತ್ತು. ಮಿತವ್ಯಯದ ಪಾಠವನ್ನು ಲಿನಕ್ಸಿಗೆ ಮೊದಲು ಕಲಿಸಿದವರಲ್ಲಿ ಬಡ ಬ್ಯಾಟರಿಯ ಪುಟ್ಟ ಯಂತ್ರಗಳೂ ಇದ್ದವು. ಇದು ನಾವು ಮರೆಯುವ ಸಂಗತಿ.

ವೇಗ ತಗ್ಗಿಸುವುದೇಕೆ, ಕೆಲಸ ಬೇಗ ಮುಗಿಸಿ ಮಲಗಿದರಾಗದೇ ಎಂದು ಕೇಳುವವರಿದ್ದಾರೆ. ಎಷ್ಟೋ ಸಲ ಅದೇ ಸರಿ. ಆದರೆ ಹೆಚ್ಚಿನ ವೇಗಕ್ಕೆ ಹೆಚ್ಚಿನ ವೋಲ್ಟೇಜು ಬೇಕು, ಚಿಪ್ಪಿನ ಸ್ವಿಚಿಂಗ್ ಖರ್ಚು ಏರುವುದು ವೋಲ್ಟೇಜಿನ ವರ್ಗದ ಲೆಕ್ಕದಲ್ಲಿ. ಆತುರವಿಲ್ಲದ ಕೆಲಸವನ್ನು ಓಡಿಸಿ ಮುಗಿಸಿದರೆ ದಂಡವೇ. ಯಾವ ಕೆಲಸಕ್ಕೆ ಆತುರ ಎಂಬುದು ಗೊತ್ತಿರುವುದು ಕರ್ನಲ್ಲಿಗೆ. ಚಿಪ್ಪೇ ಇದನ್ನು ಇನ್ನೂ ಚುರುಕಾಗಿ ನಿರ್ಧರಿಸಬಲ್ಲದು ಎಂಬ ಇನ್ನೊಂದು ಆಕ್ಷೇಪ ತೂಕದ್ದು. 2015ರ ಇಂಟೆಲ್ ಸ್ಕೈಲೇಕ್ ಚಿಪ್ಪುಗಳು ತಮ್ಮ ವೇಗವನ್ನು ತಾವೇ ಆರಿಸಿಕೊಳ್ಳಲು ಶುರುಮಾಡಿದವು. ಆದರೂ ಮೇಲಿನ ಮಿತಿ, ಕೆಳಗಿನ ಮಿತಿ, ಉಳಿತಾಯವೋ ಓಟವೋ ಎಂಬ ಒಲವು, ಇವನ್ನು ಈಗಲೂ ಹೇಳಿಕೊಡುವುದು ಕಾರ್ಯಾಚರಣ ವ್ಯವಸ್ಥೆಯೇ.

ಪ್ರೊಸೆಸರ್ ಬಿಟ್ಟು ಉಳಿದ ಸಾಧನಗಳ ಮಟ್ಟಿಗಂತೂ ನಿರ್ಧಾರ ಕಾರ್ಯಾಚರಣ ವ್ಯವಸ್ಥೆಯದೇ ಆಗಿರಬೇಕೆಂಬ ವಾದ ಇನ್ನೂ ಗಟ್ಟಿ. 2009ರ ಲಿನಕ್ಸ್ 2.6.32ರಿಂದ ಯಂತ್ರ ಓಡುತ್ತಿರುವಾಗಲೇ ಒಂದೊಂದು ಸಾಧನವನ್ನೂ ಬೇರೆಬೇರೆಯಾಗಿ ಮಲಗಿಸಬಹುದು. ಎಷ್ಟು ಮಂದಿ ಬಳಸುತ್ತಿದ್ದಾರೆಂಬ ಎಣಿಕೆ ಸೊನ್ನೆಗಿಳಿದರೆ ಅದನ್ನು ಮಲಗಿಸಲು ಅಡ್ಡಿಯಿಲ್ಲ. ಎಣಿಕೆ ಇಳಿಸಲು ಸಾಧನವನ್ನು ನಡೆಸುವ ಡ್ರೈವರ್ ತಂತ್ರಾಂಶ ಮರೆತರೆ ಸಾಧನ ರಾತ್ರಿಯಿಡೀ ಎಚ್ಚರ. ಆ್ಯಪ್‌ಗಳ ಕಥೆಯೂ ಹೀಗೆಯೇ: ಫೋನಿನ ಚಾರ್ಜು ಬೆಳಗಾಗುವಷ್ಟರಲ್ಲಿ ಕರಗಿದ್ದರೆ ಬ್ಯಾಟರಿಯನ್ನು ಬಯ್ಯುವ ಮೊದಲು, ಯಾವ ಆ್ಯಪ್ ಫೋನನ್ನು ಮಲಗಲು ಬಿಡಲಿಲ್ಲ ಎಂದು ಸೆಟ್ಟಿಂಗ್ಸಿನಲ್ಲಿ ಒಮ್ಮೆ ನೋಡಿ.